ರ್‍ಯಾಂಕಿಂಗ್ 300ರ ಆಚೆಯ ಮಹಿಳಾ ಟೆನಿಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳು ಜೂನಿಯರ್ ಟೆನಿಸ್ ಮುಗಿಸಿ ವೃತ್ತಿಪರ ಸರ್ಕ್ಯೂಟ್‌ಗೆ ಇಳಿಯುವ ಹೊತ್ತಿಗೆ ಮನೆಯಲ್ಲಿ ಏಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಗ್ರ್ಯಾಂಡ್ ಸ್ಲಾಂ ಬಹುಮಾನದ ಸುದ್ದಿ ಓದಿ ಹಾಕಿಕೊಂಡ ಲೆಕ್ಕ ಈ ಹಂತದಲ್ಲಿ ನಡೆಯುವುದಿಲ್ಲ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಹಾಗಾಗಿ ಹೆಸರು ಕೊಡುವ ಮುಂಚೆ ಆ ವರ್ಷದ ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ನಿಯಮ ಪುಸ್ತಕವನ್ನು ಒಮ್ಮೆ ತೆರೆದು ನೋಡಿ.

ಐಟಿಎಫ್ ಟೂರ್ನಿಗಳಲ್ಲಿ ಎಷ್ಟು ಹಂತಗಳಿವೆ?

ಐದು. 2024ರಿಂದ ಇವಕ್ಕೆ ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100 ಎಂದು ಹೆಸರು. ಆ ಸಂಖ್ಯೆ ಚಾಂಪಿಯನ್‌ಗೆ ಸಿಗುವ ಪಾಯಿಂಟ್‌ಗಳದ್ದು. ಡಬ್ಲ್ಯು35 ಗೆದ್ದರೆ 35 ಪಾಯಿಂಟ್, ಡಬ್ಲ್ಯು100 ಗೆದ್ದರೆ 100. ಅದನ್ನೇ ಸಾವಿರ ಡಾಲರ್ ಎಂದು ಓದಿಕೊಳ್ಳುವವರು ಬಹಳ. ಬಹುಮಾನದ ಒಟ್ಟು ಮೊತ್ತ ಎಲ್ಲ ಹಂತಗಳಲ್ಲೂ ಆ ಸಂಖ್ಯೆಗೆ ತಾಳೆಯಾಗುವುದಿಲ್ಲ. ಉದಾಹರಣೆಗೆ ಡಬ್ಲ್ಯು50ರ ಒಟ್ಟು ಬಹುಮಾನ 40,000 ಡಾಲರ್, ಡಬ್ಲ್ಯು75ರದ್ದು 60,000.

ಇವುಗಳ ಮೇಲೆ ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎ ಹಂತಗಳು: ಮೊದಲು 125, ಆಮೇಲೆ 250, 500, 1000, ಕೊನೆಗೆ ಗ್ರ್ಯಾಂಡ್ ಸ್ಲಾಂ. ಮುಂಬೈಯಲ್ಲಿ 2024 ಮತ್ತು 2025ರಲ್ಲಿ ನಡೆದದ್ದು 125. ಚೆನ್ನೈಯಲ್ಲಿ 2022 ಮತ್ತು 2025ರಲ್ಲಿ ನಡೆದದ್ದು 250.

ಮೊದಲ ರ್‍ಯಾಂಕಿಂಗ್ ಬರಲು ಏನು ಬೇಕು?

ಒಂದು ಪಾಯಿಂಟ್ ಬಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರು ಕಾಣುವುದಿಲ್ಲ. ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು ಕನಿಷ್ಠ 10 ಸಿಂಗಲ್ಸ್ ಪಾಯಿಂಟ್ ಇರಬೇಕು. ಡಬ್ಲ್ಯು15ರ ಫೈನಲ್ ತಲುಪಿದರೆ ಒಂದೇ ವಾರದಲ್ಲಿ ಆ 10 ಸಿಗುತ್ತದೆ. ಅಲ್ಲಿನ ಪ್ರಧಾನ ಸುತ್ತಿನಲ್ಲಿ (ಮೇನ್ ಡ್ರಾ) ಒಂದು ಪಂದ್ಯ ಗೆದ್ದರೆ ಸಿಗುವುದು ಒಂದೇ ಪಾಯಿಂಟ್. ಹೆಚ್ಚಿನವರು ಒಂದೊಂದೇ ಪಾಯಿಂಟ್ ಕೂಡಿಸಿ ಮೂರು ಟೂರ್ನಿಗಳ ದಾರಿಯಲ್ಲೇ ಪಟ್ಟಿಗೆ ಬರುತ್ತಾರೆ.

ಗಳಿಸಿದ ಪಾಯಿಂಟ್‌ಗೆ 52 ವಾರ ಆಯುಸ್ಸು. ಮುಂದಿನ ವರ್ಷ ಅದೇ ವಾರಕ್ಕೆ ಅದು ಬಿದ್ದುಹೋಗುತ್ತದೆ. ಕೆಳಗಿನ ಹಂತದಲ್ಲಿ ಒಟ್ಟು ಪಾಯಿಂಟ್‌ಗಳೇ ಕಡಿಮೆ. ಒಂದು ಒಳ್ಳೆಯ ವಾರ ನೂರಾರು ಸ್ಥಾನ ಮೇಲೆ ಒಯ್ಯುತ್ತದೆ, ವರ್ಷದ ನಂತರ ಅದೇ ವಾರ ಅಷ್ಟೇ ಕೆಳಗೆ ತಳ್ಳುತ್ತದೆ. 900ರಿಂದ 600ಕ್ಕೆ ಜಿಗಿದವಳು ಏಕಾಏಕಿ ಸುಧಾರಿಸಿದಳೆಂದಾಗಲಿ, 600ರಿಂದ 900ಕ್ಕೆ ಇಳಿದವಳ ಆಟ ಕೆಟ್ಟಿತೆಂದಾಗಲಿ ತೀರ್ಮಾನಿಸುವ ಮೊದಲು ಯಾವ ವಾರದ ಪಾಯಿಂಟ್ ಬಂತು, ಯಾವುದು ಹೋಯಿತು ನೋಡಿ.

ವಯಸ್ಸಿನ ಮಿತಿ ಇದೆಯೇ?

14 ತುಂಬದೆ ಆಡುವಂತಿಲ್ಲ. 14ರಿಂದ 18ರವರೆಗೆ ವರ್ಷಕ್ಕೆ ಇಷ್ಟೇ ಟೂರ್ನಿ ಎಂಬ ಮಿತಿ ಇದೆ. ಇಲ್ಲಿ ವರ್ಷ ಎಂದರೆ ಹುಟ್ಟುಹಬ್ಬದಿಂದ ಹುಟ್ಟುಹಬ್ಬಕ್ಕೆ, ಜನವರಿಯಿಂದ ಅಲ್ಲ. ಹುಟ್ಟುಹಬ್ಬಕ್ಕೆ ಎರಡು ತಿಂಗಳು ಇರುವಾಗಲೇ ಮಿತಿ ಖಾಲಿ ಮಾಡಿಕೊಂಡು ಕೂರುವ ಹುಡುಗಿಯರಿದ್ದಾರೆ.

ಹೆಸರು ಕೊಡುವುದು ಹೇಗೆ? ಗಡುವು ಯಾವಾಗ?

ಮೊದಲು ಐಟಿಎಫ್‌ನ ಐಪಿನ್ ಮಾಡಿಸಬೇಕು. ಅದು ಆಟಗಾರ್ತಿಯ ಗುರುತಿನ ಸಂಖ್ಯೆ, ಪ್ರತಿವರ್ಷ ಶುಲ್ಕ ಕಟ್ಟಿ ನವೀಕರಿಸಬೇಕು. ಎಲ್ಲ ಹೆಸರು ಕೊಡುವಿಕೆ, ಹಿಂತೆಗೆತ ಅದೇ ಖಾತೆಯಲ್ಲಿ.

ಹೆಸರು ಕೊಡಲು ಕೊನೆಯ ಗಡುವು ಟೂರ್ನಿ ವಾರದ ಸೋಮವಾರಕ್ಕೆ 18 ದಿನ ಮುಂಚಿನ ಗುರುವಾರ. ದಂಡವಿಲ್ಲದೆ ಹಿಂತೆಗೆಯಲು 13 ದಿನ ಮುಂಚಿನ ಮಂಗಳವಾರ. ಎರಡೂ 14:00 ಜಿಎಂಟಿಗೆ, ಅಂದರೆ ನಮ್ಮ ಸಂಜೆ ಏಳೂವರೆಗೆ. ಏಳೂವರೆ ಎಂದರೆ ಏಳೂವರೆಯೇ. ನೆಟ್‌ವರ್ಕ್ ಇರಲಿಲ್ಲ ಎಂಬ ಕಾರಣ ನಡೆಯುವುದಿಲ್ಲ, ಹಾಗಾಗಿ ಫೋನಿನಲ್ಲಿ ಹಿಂದಿನ ದಿನಕ್ಕೇ ಅಲಾರಂ ಇಡಿ.

ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಕೊಡಬಹುದು. ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಎಂದರೆ ಕ್ರಮವನ್ನು ಯೋಚಿಸದೆ ತುಂಬುವುದು. ಎರಡನೆಯ ಆಯ್ಕೆಗೆ ವಿಮಾನ ಬುಕ್ ಮಾಡಿದ ಮೇಲೆ ಮೊದಲನೆಯದರಲ್ಲಿ ಜಾಗ ಸಿಕ್ಕಿ, ಅಲ್ಲಿಗೇ ಹೋಗಬೇಕಾದ ಕಟ್ಟು ಬೀಳುತ್ತದೆ. ನಿಜವಾಗಿ ಹೋಗಲು ಸಿದ್ಧವಿಲ್ಲದ ಊರನ್ನು ಪಟ್ಟಿಯಲ್ಲಿ ಹಾಕಲೇಬೇಡಿ. ತಡವಾಗಿ ಹಿಂದೆ ಸರಿದರೆ, ಹೇಳದೆ ಕೇಳದೆ ಹೋಗದೆ ಉಳಿದರೆ ದಂಡ ಬೀಳುತ್ತದೆ.

ಆಲ್ಟರ್ನೇಟ್ (ಜಾಗಕ್ಕೆ ಕಾಯುವವರ) ಪಟ್ಟಿಯಲ್ಲಿ ಹೆಸರಿದೆ. ಹೋಗಲೇ, ಬಿಡಲೇ?

ಪ್ರಧಾನ ಸುತ್ತಿನಲ್ಲಿ 32 ಜಾಗ. ಅದರಲ್ಲಿ ಎಂಟು ಅರ್ಹತಾ ಸುತ್ತಿನಿಂದ ಬರುವವರಿಗೆ, ನಾಲ್ಕು ಆಯೋಜಕರು ತಮ್ಮ ಆಯ್ಕೆಯಂತೆ ಕೊಡುವ ವೈಲ್ಡ್ ಕಾರ್ಡ್‌ಗೆ. ಡಬ್ಲ್ಯು15ರಲ್ಲಿ ಒಳ್ಳೆಯ ಜೂನಿಯರ್ ರ್‍ಯಾಂಕಿಂಗ್ ಇರುವವರಿಗೂ ಕೆಲವು ಮೀಸಲು ಜಾಗಗಳಿವೆ. ಪಟ್ಟಿ ಬಂದ ದಿನ ಹೊರಗಿದ್ದವಳು ಹಿಂತೆಗೆತದ ಗಡುವಿನ ನಂತರ ಒಳಗೆ ಬರುವುದು ಮಾಮೂಲು, ಏಕೆಂದರೆ ಎಲ್ಲರೂ ಎರಡು ಮೂರು ಕಡೆ ಹೆಸರು ಕೊಟ್ಟಿರುತ್ತಾರೆ. ಹೀಗಾಗಿ ಮಂಗಳವಾರದ ಗಡುವು ಮುಗಿಯುವ ತನಕ ಮರುಪಾವತಿ ಇಲ್ಲದ ಟಿಕೆಟ್ ಕೊಳ್ಳಬೇಡಿ.

ಬಸ್ಸಿನಲ್ಲೋ ರೈಲಿನಲ್ಲೋ ತಲುಪುವ ಊರಾದರೆ ಅರ್ಹತಾ ಸುತ್ತಿನ ಆಲ್ಟರ್ನೇಟ್ ಆಗಿಯೂ ಹೋಗಬಹುದು. ಸಮುದ್ರ ದಾಟಬೇಕಾದರೆ, ಮೂರು ವಾರ ಒಂದೇ ಕಡೆ ಟೂರ್ನಿ ಇದ್ದರೆ ಮಾತ್ರ. ಅರ್ಹತಾ ಸುತ್ತಿನಲ್ಲಿ ಮೂರನೇ ಸೆಟ್ ಬದಲು 10 ಪಾಯಿಂಟಿನ ಟೈಬ್ರೇಕ್ ಎಂಬುದು ನೆನಪಿರಲಿ. ನಿಧಾನವಾಗಿ ಲಯಕ್ಕೆ ಬರುವವಳಿಗೆ ಇದು ದೊಡ್ಡ ಹೊಡೆತ. ಊರಿನಲ್ಲೇ ಬೆಳಿಗ್ಗೆ ಎದ್ದು ವಾರ್ಮ್‌ಅಪ್ ಮಾಡಿ ನೇರ ಟೈಬ್ರೇಕ್ ಆಡುವ ಅಭ್ಯಾಸ ಮಾಡಿಕೊಂಡವರು ಇಲ್ಲಿ ಬದುಕುತ್ತಾರೆ.

ಡಬ್ಲ್ಯು15 ಗೆದ್ದರೆ ಕೈಗೆ ಎಷ್ಟು ಬರುತ್ತದೆ?

ಸಿಂಗಲ್ಸ್ ಚಾಂಪಿಯನ್‌ಗೆ ಸುಮಾರು 2,350 ಡಾಲರ್. ಮೊದಲ ಸುತ್ತಿನಲ್ಲೇ ಸೋತರೆ ಸುಮಾರು 150. ಡಬಲ್ಸ್ ಗೆದ್ದರೆ ಇಬ್ಬರಿಗೂ ಸೇರಿ ಸಾವಿರಕ್ಕಿಂತ ಕಡಿಮೆ. ಇದರಲ್ಲೂ ಆಯಾ ದೇಶದ ತೆರಿಗೆ ಮುರಿದುಕೊಂಡು ಉಳಿದದ್ದು ಕೊಡುತ್ತಾರೆ.

ಪಕ್ಕದಲ್ಲಿ ಖರ್ಚು ಇಟ್ಟು ನೋಡಿ. ಟ್ಯುನೀಷಿಯಾದ ಮೊನಾಸ್ಟಿರ್‌ನಲ್ಲಿ ವರ್ಷದ ಬಹುಪಾಲು ವಾರ ಡಬ್ಲ್ಯು15 ನಡೆಯುತ್ತದೆ. ಅಲ್ಲಿಗೆ ಮೂರು ವಾರ ಹೋಗಿಬರಲು ಒಂದು ಅಂದಾಜು: ವಿಮಾನ 60,000 ರೂಪಾಯಿ, ಊಟ ವಸತಿ ದಿನಕ್ಕೆ 5,500ರಂತೆ 22 ದಿನಕ್ಕೆ 1,21,000, ಸ್ಟ್ರಿಂಗ್ ಮತ್ತು ಬಿಗಿಯುವ ಕೂಲಿ 10,000, ವಿಮೆ, ಓಡಾಟ, ಬಟ್ಟೆ ಒಗೆತ ಇತ್ಯಾದಿ 12,000. ಒಟ್ಟು ಎರಡು ಲಕ್ಷ ದಾಟಿತು. ಡಾಲರಿಗೆ 88 ರೂಪಾಯಿ ಹಿಡಿದರೆ ಚಾಂಪಿಯನ್‌ಶಿಪ್ ಹಣ ಸುಮಾರು 2,07,000, ಅದೂ ತೆರಿಗೆಗೆ ಮುಂಚೆ. ಅಂದರೆ ಮೂರು ವಾರದಲ್ಲಿ ಒಂದು ಟೂರ್ನಿ ಗೆದ್ದರೂ ಖರ್ಚು ಸರಿಹೋಗುತ್ತದೆಯೇ ಹೊರತು ಉಳಿತಾಯವಿಲ್ಲ. ಕೋಚ್ ಜೊತೆಗೆ ಬಂದರೆ ವಿಮಾನ ಮತ್ತು ಕೋಣೆಯ ಖರ್ಚು ಇಮ್ಮಡಿಯಾಗುತ್ತದೆ, ಅದರ ಮೇಲೆ ಅವರ ವಾರದ ಸಂಭಾವನೆ.

ಹಾಗಾದರೆ ಯಾವ ರ್‍ಯಾಂಕಿನಿಂದ ಆಟ ತನ್ನ ಖರ್ಚು ತಾನೇ ನೋಡಿಕೊಳ್ಳುತ್ತದೆ?

ಐಟಿಎಫ್ ತಾನೇ 2013ರ ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಿತ್ತು. ಆ ವರ್ಷ ವೃತ್ತಿಪರ ಟೂರ್ನಿ ಆಡಿದ ಮಹಿಳೆಯರು 4,862. ಅವರಲ್ಲಿ 2,212 ಜನರಿಗೆ ಒಂದು ಡಾಲರೂ ಸಿಗಲಿಲ್ಲ. ಕೋಚ್ ಖರ್ಚು ಬಿಟ್ಟು ವರ್ಷದ ಸರಾಸರಿ ವೆಚ್ಚ 40,180 ಡಾಲರ್. ಆದಾಯ ಮತ್ತು ವೆಚ್ಚ ಸಮನಾಗುವ ಸ್ಥಾನ ಮಹಿಳೆಯರಲ್ಲಿ 253, ಪುರುಷರಲ್ಲಿ 336. ಬಹುಮಾನದ ಮೊತ್ತಗಳು ಆಮೇಲೆ ಏರಿವೆ, ವಿಮಾನ ದರವೂ ಏರಿದೆ.

250ರ ಆಸುಪಾಸಿನಲ್ಲಿ ಗೆರೆ ಬೀಳಲು ಕಾರಣವಿದೆ. ಗ್ರ್ಯಾಂಡ್ ಸ್ಲಾಂ ಅರ್ಹತಾ ಸುತ್ತಿನಲ್ಲಿ 128 ಜನರಿಗೆ ಜಾಗ, ಪಟ್ಟಿ ಸಾಮಾನ್ಯವಾಗಿ 220–240ರ ಹತ್ತಿರ ಮುಗಿಯುತ್ತದೆ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತೆಯ ಮೊದಲ ಪಂದ್ಯ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು, ಆಗಿನ ದರದಲ್ಲಿ ಸುಮಾರು 19 ಲಕ್ಷ ರೂಪಾಯಿ. ಒಂಬತ್ತು ಡಬ್ಲ್ಯು15 ಗೆದ್ದಷ್ಟು. ವರ್ಷಕ್ಕೆ ನಾಲ್ಕು ಸಲ ಹೀಗೆ ಸೋಲುವ ಅವಕಾಶ ಇರುವವಳಿಗೂ ಇಲ್ಲದವಳಿಗೂ ಆಟದಲ್ಲಿ ಇರುವ ಅಂತರ ಸಣ್ಣದು, ಕೈಯಲ್ಲಿರುವ ದುಡ್ಡಿನಲ್ಲಿ ಅಜಗಜಾಂತರ.

ನಮ್ಮವರ ಲೆಕ್ಕ ನೋಡಿ. ಸಾನಿಯಾ ಮಿರ್ಜಾ 2007ರಲ್ಲಿ 27ನೇ ಸ್ಥಾನಕ್ಕೆ ಏರಿದ್ದರು. ಅವರ ನಂತರದ ತಲೆಮಾರಿನ ಅಂಕಿತಾ ರೈನಾ ತಲುಪಿದ್ದು 160, 2020ರಲ್ಲಿ. ಕರ್ಮನ್ ಕೌರ್ ಥಾಂಡಿ 196, 2018ರಲ್ಲಿ. 2025ರ ತನಕ ಸಾನಿಯಾ ಬಳಿಕ ಭಾರತದ ಯಾರೂ ಗ್ರ್ಯಾಂಡ್ ಸ್ಲಾಂ ಸಿಂಗಲ್ಸ್ ಪ್ರಧಾನ ಸುತ್ತು ಆಡಿಲ್ಲ.

ಮೊದಲ ಪಾಯಿಂಟ್‌ಗಳು ಬಂದವು. ಇನ್ನು ಡಬ್ಲ್ಯು35, ಡಬ್ಲ್ಯು50ಕ್ಕೆ ಹೋಗೋಣವೇ?

ಈ ಪುಟದಲ್ಲಿ ಒಂದೇ ಉತ್ತರ ಓದುವುದಿದ್ದರೆ ಇದನ್ನು ಓದಿ. ಈ ಹಂತದಲ್ಲಿ ಫೋರ್‌ಹ್ಯಾಂಡ್ ಹಾಳಾಗಿ ನಿಂತ ವೃತ್ತಿಜೀವನಕ್ಕಿಂತ ಕ್ಯಾಲೆಂಡರ್ ತಪ್ಪಿ ನಿಂತವು ಹೆಚ್ಚು.

ಜಾಗ ಸಿಗುವ ಅತಿ ದೊಡ್ಡ ಟೂರ್ನಿಗೆ ಹೋಗುವುದು ಸಹಜ ಆಸೆ. ಅಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತರೆ ವಾರಕ್ಕೆ ಎರಡೇ ಸೆಟ್ ಆಟ, ಸೊನ್ನೆ ಪಾಯಿಂಟ್, ಸೊನ್ನೆ ಹಣ. ಹೀಗೆ ಆರು ವಾರ ಕಳೆದರೆ ಆಡುವ ಕಸುವೇ ಇಳಿಯುತ್ತದೆ. ಗೇಮ್ ಕಳೆದುಕೊಳ್ಳುವ ಅಂಚಿನಲ್ಲಿ, 30–40ರಲ್ಲಿ, ಸರ್ವ್ ಮಾಡುವ ಧೈರ್ಯ ಅಭ್ಯಾಸದ ಅಂಗಣದಲ್ಲಿ ಬರುವುದಿಲ್ಲ, ಪಂದ್ಯದಲ್ಲೇ ಬರಬೇಕು. ಇನ್ನೊಂದು ಕಡೆ, ಡಬ್ಲ್ಯು15ರಲ್ಲೇ ಕೂತು ಸೆಮಿಫೈನಲ್ ಸೆಮಿಫೈನಲ್ ಎಂದು ಎರಡು ವರ್ಷ ಕಳೆದರೂ ಮೇಲೇರಲಾಗದು, ಏಕೆಂದರೆ ಅಲ್ಲಿನ ಪಾಯಿಂಟ್‌ಗಳೇ ಅಷ್ಟು.

ಕೋಚ್‌ಗಳು ಬಳಸುವ ಒಂದು ಸರಳ ಅಳತೆ ಇದೆ. ಕಳೆದ ಎಂಟು ಟೂರ್ನಿಗಳ ಪಂದ್ಯ ಎಣಿಸಿ. ಮೂರಕ್ಕೆ ಎರಡು ಗೆದ್ದಿದ್ದರೆ ಒಂದು ಹಂತ ಮೇಲೆ. ಅರ್ಧಕ್ಕಿಂತ ಕಡಿಮೆಯಾದರೆ ಒಂದು ಹಂತ ಕೆಳಗೆ. ನಡುವೆ ಇದ್ದರೆ ಇದ್ದಲ್ಲೇ. ಅರ್ಹತಾ ಸುತ್ತಿನ ಗೆಲುವನ್ನೂ ಎಣಿಸಬಹುದು, ಎದುರಾಳಿ ಆಡದೆ ಸಿಕ್ಕ ವಾಕ್‌ಓವರ್ ಎಣಿಸಬೇಡಿ.

ಎರಡನೆಯದು, ಗುಚ್ಛವಾಗಿ ಆಡಿ. ಒಂದೇ ಪ್ರದೇಶದಲ್ಲಿ ಮೂರು ವಾರ ಆಟ, ಆಮೇಲೆ ಕನಿಷ್ಠ ಎರಡು ವಾರ ಮನೆ. ನಾಲ್ಕನೇ ವಾರ, ‘ಬಂದದ್ದು ಬಂದಿದ್ದೇವೆ, ಇನ್ನೊಂದು ಆಡಿಬಿಡೋಣ’ ಎಂದು ಸೇರಿಸಿದ ಟೂರ್ನಿಯಲ್ಲೇ ಹೊಟ್ಟೆಯ ಸ್ನಾಯು, ಭುಜ ಕೈಕೊಡುವುದು. ಮೂರನೆಯದು, ಅಂಗಣ. ಹಾರ್ಡ್ ಕೋರ್ಟಿನಿಂದ ಮಣ್ಣಿನ ಅಂಗಣಕ್ಕೆ ಹೋಗುವಾಗ ನಡುವೆ ಐದಾರು ದಿನ ಅಭ್ಯಾಸ ಬೇಕು. ಭಾರತದ ಹುಡುಗಿಯರು ಬಹುತೇಕ ಹಾರ್ಡ್ ಕೋರ್ಟಿನಲ್ಲೇ ಬೆಳೆದವರು. ಯುರೋಪಿನ ಬೇಸಿಗೆಯ ಕೆಂಪು ಮಣ್ಣಿನಲ್ಲಿ ಮೊದಲ ವಾರವೇ ಗೆಲುವು ನಿರೀಕ್ಷಿಸಿ ಟಿಕೆಟ್ ಮಾಡಿಸುವುದು ದುಬಾರಿ ಆಶಾವಾದ.

ಭಾರತದಲ್ಲೇ ಆಡಿದರೆ ಸಾಲದೇ?

ಸಾಧ್ಯವಾದಷ್ಟು ಆಡಿ. ವೀಸಾ ಬೇಡ, ಖರ್ಚು ಅರ್ಧಕ್ಕಿಂತ ಕಡಿಮೆ, ವೈಲ್ಡ್ ಕಾರ್ಡ್ ಸಿಗುವ ಸಾಧ್ಯತೆ ಹೆಚ್ಚು. ಬೆಂಗಳೂರು, ಪುಣೆ, ನವಿ ಮುಂಬೈ, ಸೊಲ್ಲಾಪುರ, ದೆಹಲಿ, ಗುರುಗ್ರಾಮ, ಅಹಮದಾಬಾದ್‌ಗಳಲ್ಲಿ ಮಹಿಳೆಯರ ಐಟಿಎಫ್ ಟೂರ್ನಿಗಳು ನಡೆದಿವೆ. ತೊಡಕು ಎಂದರೆ ಇವು ವರ್ಷವಿಡೀ ಹರಡಿಲ್ಲ. ಕೆಲವು ತಿಂಗಳು ಸಾಲಾಗಿ ಬಂದು, ಆಮೇಲೆ ಏನೂ ಇರುವುದಿಲ್ಲ. ಆಗ ಥಾಯ್ಲೆಂಡ್, ಟ್ಯುನೀಷಿಯಾ, ಈಜಿಪ್ಟ್, ಟರ್ಕಿ ಕಡೆ ನೋಡಲೇಬೇಕು. ಬರೀ ಸ್ವದೇಶದಲ್ಲಿ ಆಡಿದರೆ ಅದೇ ಐವತ್ತು ಎದುರಾಳಿಗಳ ಆಟ ಕಂಠಪಾಠವಾಗಿ, ಹೊರಗಿನವರ ಎತ್ತರದ ಸರ್ವ್ ಎದುರು ರಿಟರ್ನ್ ಹೊಡೆಯಲೇ ಬರುವುದಿಲ್ಲ.

ಬೆಂಗಳೂರಿನಲ್ಲಿ ಚೆಂಡು ಹೊರಗೆ ಹಾರುತ್ತದೆ ಎನ್ನುತ್ತಾರೆ. ಸ್ಟ್ರಿಂಗ್ ಬಗ್ಗೆ ಏನು ಮಾಡಬೇಕು?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಚೆನ್ನೈ ಅಥವಾ ಮುಂಬೈಯಿಂದ ಬಂದವರ ಹೊಡೆತ ಬೇಸ್‌ಲೈನಿನ ಆಚೆ ಒಂದು ಅಡಿ ಬೀಳುತ್ತದೆ. ಟೆನ್ಷನ್ (ಸ್ಟ್ರಿಂಗಿನ ಬಿಗಿ) ಒಂದೆರಡು ಪೌಂಡ್ ಏರಿಸಿ, ಟಾಪ್‌ಸ್ಪಿನ್ ಹೆಚ್ಚಿಸಿ, ಎರಡು ದಿನ ಮುಂಚೆ ಬನ್ನಿ. ಬೆಂಗಳೂರಿನವರು ಕರಾವಳಿಗೆ ಹೋಗುವಾಗ ಇದಕ್ಕೆ ವಿರುದ್ಧ. ಅಲ್ಲಿ ಟೆನ್ಷನ್ ಇಳಿಸಬೇಕು, ಬೆವರಿಗೆ ಗ್ರಿಪ್ ಟೇಪ್ ಇಮ್ಮಡಿ ಒಯ್ಯಬೇಕು.

ಹೆಚ್ಚಿನವರು ಪಾಲಿಯೆಸ್ಟರ್ ಸ್ಟ್ರಿಂಗ್ ಬಳಸುತ್ತಾರೆ. ಒಂದು ರಾಕೆಟ್‌ಗೆ ಸುಮಾರು 12 ಮೀಟರ್ ಬೇಕು, 200 ಮೀಟರಿನ ರೀಲಿನಲ್ಲಿ 16 ರಾಕೆಟ್ ಆಗುತ್ತದೆ. ಬಿಡಿ ಪ್ಯಾಕೆಟ್‌ಗಿಂತ ರೀಲ್ ಅಗ್ಗ. ಪಾಲಿಯೆಸ್ಟರ್ ಹರಿಯದಿದ್ದರೂ ಸಾಯುತ್ತದೆ. ಹತ್ತು ಹನ್ನೆರಡು ಗಂಟೆ ಆಡಿದ ಮೇಲೆ ಬಿಗಿ ಕಳೆದು, ಅದನ್ನು ಸರಿದೂಗಿಸಲು ಕೈ ಜೋರು ಮಾಡಿ, ಮೊಣಕೈ ನೋವು ಶುರು. ದುಡ್ಡು ಉಳಿಸಲು ಹಳೆಯ ಸ್ಟ್ರಿಂಗಿನಲ್ಲೇ ಇನ್ನೊಂದು ವಾರ ತಳ್ಳಿದರೆ ಉಳಿದದ್ದಕ್ಕಿಂತ ಹೆಚ್ಚು ಫಿಸಿಯೋಗೆ ಹೋಗುತ್ತದೆ. ಪ್ರತಿ ಟೂರ್ನಿಯ ಚೆಂಡಿನ ಬ್ರ್ಯಾಂಡ್ ಮೊದಲೇ ಪ್ರಕಟವಾಗುತ್ತದೆ. ಭಾರದ ಚೆಂಡಾದರೆ ಒಂದು ಪೌಂಡ್ ಇಳಿಸಿ.

ಸಿಂಗಲ್ಸ್ ಸಾಗುತ್ತಿಲ್ಲ. ಡಬಲ್ಸ್‌ಗೆ ತಿರುಗಬಹುದೇ?

ಮೊದಲಿನಿಂದಲೇ ಎರಡೂ ಆಡುವುದು ಉತ್ತಮ. ಸಿಂಗಲ್ಸ್ ಬೇಗ ಸೋತರೂ ವಾರಕ್ಕೆ ಪಂದ್ಯ ಸಿಗುತ್ತದೆ, ಕೋಣೆಯ ಬಾಡಿಗೆ ಹಂಚಿಕೊಳ್ಳಲು ಜೊತೆಗಾರ್ತಿಯೂ ಸಿಗುತ್ತಾಳೆ. ಅಂಕಿತಾ ರೈನಾ 2021ರಲ್ಲಿ ರಷ್ಯಾದ ಕಮಿಲ್ಲಾ ರಖಿಮೋವಾ ಜೊತೆ ಮೆಲ್ಬರ್ನ್‌ನಲ್ಲಿ ಫಿಲಿಪ್ ಐಲ್ಯಾಂಡ್ ಟ್ರೋಫಿ ಗೆದ್ದರು, ಡಬಲ್ಸ್‌ನಲ್ಲಿ ಮೊದಲ ನೂರರೊಳಗೂ ಬಂದರು. ಸೊಲ್ಲಾಪುರ ಜಿಲ್ಲೆಯ ಪ್ರಾರ್ಥನಾ ಠೊಂಬರೆ ಸಾನಿಯಾ ಜೊತೆ 2016ರ ರಿಯೋ ಒಲಿಂಪಿಕ್ಸ್ ಆಡಿದ್ದು ಡಬಲ್ಸ್‌ನಲ್ಲಿ. ಆದರೆ ಐಟಿಎಫ್ ಹಂತದಲ್ಲಿ ಡಬಲ್ಸ್ ಒಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಬಹುಮಾನ ತೀರಾ ಕಡಿಮೆ, ಜೊತೆಗಾರ್ತಿ ಬದಲಾದಂತೆಲ್ಲ ಇಬ್ಬರದೂ ಕೂಡಿಸಿದ ರ್‍ಯಾಂಕಿಂಗ್ ಲೆಕ್ಕವೂ ಬದಲಾಗುತ್ತದೆ. ಇಲ್ಲಿ ನೋ-ಆಡ್ ನಿಯಮವಿದೆ, ಡ್ಯೂಸ್ ಆದರೆ ಒಂದೇ ಪಾಯಿಂಟ್.

ಬಹುಮಾನ ಬಿಟ್ಟು ಬೇರೆ ಆದಾಯ?

ಜರ್ಮನಿ, ಫ್ರಾನ್ಸಿನ ಕ್ಲಬ್ ಲೀಗ್‌ಗಳು ಬೇಸಿಗೆಯಲ್ಲಿ ಪಂದ್ಯಕ್ಕೆ ಇಷ್ಟು ಎಂದು ಹಣ ಕೊಡುತ್ತವೆ. ಎಷ್ಟೋ ಯುರೋಪಿಯನ್ ಆಟಗಾರ್ತಿಯರ ವರ್ಷದ ಖರ್ಚು ತೂಗುವುದು ಅದರಿಂದ. ನಮ್ಮಲ್ಲಿ ರೈಲ್ವೆ ಮತ್ತು ಸಾರ್ವಜನಿಕ ವಲಯದ ಕಂಪನಿಗಳ ಕ್ರೀಡಾ ಕೋಟಾ ಕೆಲಸವಿದೆ. ರಾಷ್ಟ್ರೀಯ ಪದಕ ಇರುವಾಗಲೇ ಅರ್ಜಿ ಹಾಕಬೇಕು, ವಯಸ್ಸು ಮೀರಿದ ಮೇಲೆ ಹುಡುಕಿದರೆ ಕಷ್ಟ. ಪ್ರಾಯೋಜಕರು ರಾಕೆಟ್, ಬಟ್ಟೆ ಕೊಡುತ್ತಾರೆ, ನಗದು ಅಪರೂಪ.

ವೀಸಾ ವಿಷಯದಲ್ಲಿ ಎಲ್ಲಿ ಎಡವುತ್ತಾರೆ?

ಷೆಂಗೆನ್‌ನಲ್ಲಿ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಇರುವ ವಲಯ) 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಸೋತ ಮೇಲೆ ಅಭ್ಯಾಸಕ್ಕೆಂದು ಉಳಿದ ದಿನಗಳೂ ಎಣಿಕೆಗೆ ಬರುತ್ತವೆ. ಅಂಟಾಲ್ಯಕ್ಕೆ ಹೋಗಲು ಟರ್ಕಿಯ ಇ-ವೀಸಾ ಭಾರತೀಯರಿಗೆ ಸಿಗುವುದು ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ವೀಸಾ ಚಾಲ್ತಿಯಲ್ಲಿದ್ದರೆ ಮಾತ್ರ. ಆದ್ದರಿಂದ ದೀರ್ಘಾವಧಿಯ ಒಂದು ದೊಡ್ಡ ವೀಸಾ ಮೊದಲು ಮಾಡಿಸಿದರೆ ಬೇರೆ ಬಾಗಿಲುಗಳೂ ತೆರೆಯುತ್ತವೆ. ಪಾಸ್‌ಪೋರ್ಟ್ ವೀಸಾ ಕೇಂದ್ರದಲ್ಲಿ ಕೂತಿರುವ ವಾರಗಳಿಗೆ ಭಾರತದ ಟೂರ್ನಿಗಳನ್ನು ಹೊಂದಿಸಿ.

ಮಗಳು ಒಬ್ಬಳೇ ಪ್ರಯಾಣ ಮಾಡಬಹುದೇ?

ಈ ಹಂತದಲ್ಲಿ ಬಹುತೇಕರು ಹಾಗೆಯೇ ಮಾಡುತ್ತಾರೆ. ಅಧಿಕೃತ ಹೋಟೆಲಿನಲ್ಲೇ ಇರಿ, ಸ್ವಲ್ಪ ದುಬಾರಿಯಾದರೂ. ರಾತ್ರಿ ಇಳಿಯುವ ವಿಮಾನ ತಪ್ಪಿಸಿ, ತಪ್ಪದಿದ್ದರೆ ಟೂರ್ನಿಯ ಸಾರಿಗೆಯನ್ನು ಮೊದಲೇ ಬರೆದು ಖಚಿತ ಮಾಡಿಕೊಳ್ಳಿ. ಇಬ್ಬರು ಮೂವರು ಆಟಗಾರ್ತಿಯರು ಸೇರಿ ಒಬ್ಬ ಕೋಚ್ ಖರ್ಚು ಹಂಚಿಕೊಳ್ಳುವ ಏರ್ಪಾಡು ಒಳ್ಳೆಯದು. ಆ ಕೋಚ್ ಯಾರು, ಹಿಂದೆ ಯಾರ ಜೊತೆ ಇದ್ದರು ಎಂದು ಹಿಂದಿನ ಆಟಗಾರ್ತಿಯರ ಮನೆಯವರನ್ನೇ ಕೇಳಿ. ಖರ್ಚು ಉಳಿಸಲು ಕೋಚ್ ಜೊತೆ ಕೋಣೆ ಹಂಚಿಕೊಳ್ಳುವ ಮಾತು ಬಂದರೆ, ಅಲ್ಲಿಗೇ ಆ ಏರ್ಪಾಡು ಮುಗಿಯಬೇಕು.

ಪಂದ್ಯ ಸೋಲು ಎಂದು ಯಾರೋ ಇನ್‌ಸ್ಟಾಗ್ರಾಂನಲ್ಲಿ ಸಂದೇಶ ಕಳಿಸಿದ್ದಾರೆ. ಏನು ಮಾಡಬೇಕು?

ಉತ್ತರಿಸಬೇಡಿ, ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ತಕ್ಷಣ ಐಟಿಐಎಗೆ, ಅಂದರೆ 2021ರಲ್ಲಿ ಶುರುವಾದ ಟೆನಿಸ್ ಭ್ರಷ್ಟಾಚಾರ ತಡೆ ಸಂಸ್ಥೆಗೆ, ವರದಿ ಮಾಡಿ. ಆಮಿಷ ಒಪ್ಪದಿದ್ದರೂ ವರದಿ ಮಾಡದೆ ಸುಮ್ಮನಿರುವುದೇ ಅಪರಾಧ. ಟೆನಿಸ್ ಮೇಲೆ ಯಾವ ಬೆಟ್ಟಿಂಗೂ ಕೂಡದು, ಬೇರೆಯವರ ಪಂದ್ಯದ ಮೇಲೂ ಕೂಡದು. ‘ಅವಳಿಗೆ ಇವತ್ತು ಬೆನ್ನು ನೋವಂತೆ’ ಎಂದು ಹೊರಗಿನವರಿಗೆ ಹೇಳುವುದು ಒಳಮಾಹಿತಿ ಸೋರಿಕೆಯಾಗಬಹುದು, ಕೋಚ್ ಮತ್ತು ಮನೆಯವರಿಗೂ ಈ ನಿಯಮ ತಗಲುತ್ತದೆ.

ಬೈಗುಳದ ಸಂದೇಶಗಳದ್ದು ಇನ್ನೊಂದು ಕಾಟ. ಡಬ್ಲ್ಯುಟಿಎ ಮತ್ತು ಐಟಿಎಫ್ 2024ರ ಬಗ್ಗೆ ಕೊಟ್ಟ ವರದಿಯಂತೆ 458 ಆಟಗಾರರಿಗೆ ಸುಮಾರು 8,000 ನಿಂದನೆಯ ಸಂದೇಶಗಳು ಬಂದಿದ್ದವು. ಅವುಗಳಲ್ಲಿ ಶೇ 40ರಷ್ಟು ಹಣ ಕಳೆದುಕೊಂಡ ಜೂಜುಕೋರರವು. ಪಂದ್ಯದ ದಿನ ಖಾತೆಯನ್ನು ಬೇರೆಯವರ ಕೈಗೆ ಕೊಡುವುದೇ ವಾಸಿ.

ಗಾಯವಾಗಿ ತಿಂಗಳುಗಟ್ಟಲೆ ಆಡದಿದ್ದರೆ ರ್‍ಯಾಂಕಿಂಗ್ ಪೂರ್ತಿ ಹೋಗುತ್ತದೆಯೇ?

ಪಾಯಿಂಟ್‌ಗಳು ಉದುರುತ್ತವೆ. ಕನಿಷ್ಠ 26 ವಾರ ಹೊರಗುಳಿದರೆ ವಿಶೇಷ ರ್‍ಯಾಂಕಿಂಗ್ ಕೇಳಬಹುದು. ಮರಳಿದ ಮೇಲೆ ಕೆಲವು ಟೂರ್ನಿಗಳಿಗೆ ಹಳೆಯ ಸ್ಥಾನದಲ್ಲೇ ಹೆಸರು ಕೊಡಲು ಅದು ನೆರವಾಗುತ್ತದೆ. 20ನೇ ವಾರದಲ್ಲಿ ತಾಳ್ಮೆಗೆಟ್ಟು ಒಂದು ಸಣ್ಣ ಟೂರ್ನಿ ಆಡಿದರೆ ಈ ಹಕ್ಕೇ ಹೋಗುತ್ತದೆ. ಡಬ್ಲ್ಯುಟಿಎ 2025ರಲ್ಲಿ ಆರಂಭಿಸಿದ ಹೆರಿಗೆ ನಿಧಿಯಲ್ಲಿ 12 ತಿಂಗಳವರೆಗೆ ವೇತನ ಸಹಿತ ರಜೆ ಇದೆ, ಆದರೆ ಅರ್ಹತೆಗೆ ಡಬ್ಲ್ಯುಟಿಎ ಮಟ್ಟದ ಟೂರ್ನಿಗಳ ಎಣಿಕೆ ಬೇಕು. ಡಬ್ಲ್ಯು15, ಡಬ್ಲ್ಯು35ರಲ್ಲೇ ಇರುವವರಿಗೆ ಅದು ಎಟುಕುವುದಿಲ್ಲ.

ಅಮೆರಿಕದ ಕಾಲೇಜು ಟೆನಿಸ್‌ಗೆ ಹೋದರೆ ವೃತ್ತಿಜೀವನ ಮುಗಿದಂತೆಯೇ?

ಇಲ್ಲ. ರುತುಜಾ ಭೋಸಲೆ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯಕ್ಕೆ ಆಡಿ ಬಂದು, ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. 18ರಲ್ಲಿ ರ್‍ಯಾಂಕಿಂಗ್ 400ರೊಳಗೆ ಇಲ್ಲದ, ಮನೆಯಲ್ಲಿ ವರ್ಷಕ್ಕೆ 30 ಲಕ್ಷ ಹೊಂದಿಸಲಾಗದ ಹುಡುಗಿಗೆ ಸ್ಕಾಲರ್‌ಶಿಪ್ ಸಿಕ್ಕರೆ ಅದೇ ಒಳ್ಳೆಯ ದಾರಿ ಎಂಬುದು ನಮ್ಮ ಅಭಿಪ್ರಾಯ. ಕೋಚ್, ಜಿಮ್, ಫಿಸಿಯೋ, ಪಂದ್ಯ, ಪದವಿ ಎಲ್ಲ ಒಂದೇ ಕಡೆ ಸಿಗುತ್ತದೆ. ಬಹುಮಾನದ ಹಣ ಪಡೆಯುವ ಮುಂಚೆ ಕಾಲೇಜಿನ ನಿಯಮ ಅಧಿಕಾರಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಆ ನಿಯಮಗಳು ಈಗ ಬದಲಾಗುತ್ತಿವೆ.

ತೆರಿಗೆ?

ವಿದೇಶದಲ್ಲಿ ಮುರಿದುಕೊಂಡ ತೆರಿಗೆಯ ಚೀಟಿಯನ್ನು ಪ್ರತಿ ಟೂರ್ನಿಯಲ್ಲೂ ಕೇಳಿ ಪಡೆಯಿರಿ. ಅದಿಲ್ಲದೆ ಇಲ್ಲಿ ರಿಟರ್ನ್ ಸಲ್ಲಿಸುವಾಗ ಆ ಮೊತ್ತ ಕಳೆದುಕೊಳ್ಳಲು ಆಗುವುದಿಲ್ಲ. ವಿಮಾನ, ಸ್ಟ್ರಿಂಗ್, ಕೋಚ್ ಬಿಲ್‌ಗಳನ್ನೂ ಇಡಿ.

ಇಂಥ ಪಂದ್ಯಗಳನ್ನು ನೋಡಲು ಟಿಕೆಟ್ ಬೇಕೇ?

ಭಾರತದ ಐಟಿಎಫ್ ಟೂರ್ನಿಗಳಿಗೆ ಸಾಮಾನ್ಯವಾಗಿ ಬೇಡ. ಬೆಂಗಳೂರಿನಲ್ಲಿ ಇದ್ದಾಗ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಕೆಎಸ್‌ಎಲ್‌ಟಿಎಗೆ ಹೋಗಿ. 2025ರ ನವೆಂಬರಿನಲ್ಲಿ ಮಹಿಳೆಯರ ರಾಷ್ಟ್ರೀಯ ತಂಡಗಳ ಸ್ಪರ್ಧೆಯಾದ ಬಿಲ್ಲಿ ಜೀನ್ ಕಿಂಗ್ ಕಪ್ ಪ್ಲೇ-ಆಫ್ ನಡೆದದ್ದೂ ಅಲ್ಲಿನ ಎಸ್.ಎಂ. ಕೃಷ್ಣ ಟೆನಿಸ್ ಕ್ರೀಡಾಂಗಣದಲ್ಲೇ. ಅರ್ಹತಾ ಸುತ್ತು ಭಾನುವಾರ, ಸೋಮವಾರ. ಪ್ರಧಾನ ಸುತ್ತು ಮಂಗಳವಾರದಿಂದ. ಮರುದಿನದ ವೇಳಾಪಟ್ಟಿ ಹಿಂದಿನ ಸಂಜೆ ಬರುತ್ತದೆ. ಹೊರಗಿನ ಅಂಗಣಗಳಲ್ಲಿ ಬೇಸ್‌ಲೈನಿನ ಹಿಂದೆಯೇ ನಿಂತು ನೋಡಬಹುದು, ಪಾಯಿಂಟ್ ನಡೆಯುವಾಗ ಓಡಾಡಬೇಡಿ.